ಏರಿದ ರಕ್ತದೊತ್ತಡದಿಂದ ಅಂಗಗಳಿಗಾಗುವ ಹಾನಿಯ ನಿರ್ಣಯ: ಹಾಸನ ಸೀಮೆಯನ್ನು ಕುರಿತ ಒಂದು ವಿವರಣೆ

2025ನೆಯ ಇಸವಿಯ ಮೇ ಮತ್ತು ಜೂನ್ ತಿಂಗಳುಗಳಲ್ಲಿ ಹಾಸನ ಜಿಲ್ಲೆಯಿಂದ ಹೃದಯಾಘಾತದ ಮರಣಗಳ ಸುದ್ದಿ ಒಂದರ ಹಿಂದೊಂದಾಗಿ ಬಂದುದು ವಾಚಕರ ನೆನಪಿನಲ್ಲಿರಬಹುದು. ಸುಮಾರು ನಲವತ್ತು ದಿನಗಳ ಅವಧಿಯಲ್ಲಿ ಇಪ್ಪತ್ತಕ್ಕೂ ಹೆಚ್ಚು ಜನರು ಹಠಾತ್ತನೆ ತೀರಿಕೊಂಡರೆಂದು ವರದಿಯಾಯಿತು. ಅವರಲ್ಲಿ ಹಲವರು ಇನ್ನೂ ಹರೆಯದಲ್ಲಿದ್ದವರು. ಜಿಲ್ಲೆಯಲ್ಲೆಲ್ಲ ಭೀತಿ ಹಬ್ಬಿತು. ಎದೆಯಲ್ಲಿ ಯಾವ ನೋವೂ ಇಲ್ಲದವರು ಸಹ ಹೃದಯದ ಪರೀಕ್ಷೆಗೆಂದು ಮೈಸೂರಿನ ಜಯದೇವ ಆಸ್ಪತ್ರೆಯ ಮುಂದೆ ಸಾಲುಗಟ್ಟಿ ನಿಂತರು. ರಾಜ್ಯ ಸರ್ಕಾರವು ಜಯದೇವ ಸಂಸ್ಥೆಯ ನಿರ್ದೇಶಕರಾದ ಡಾ. ಕೆ. ಎಸ್. ರವೀಂದ್ರನಾಥ್ ಅವರ ಅಧ್ಯಕ್ಷತೆಯಲ್ಲಿ ತಜ್ಞರ ಸಮಿತಿಯೊಂದನ್ನು ನೇಮಿಸಿತು. ಅದೇ ಜುಲೈ ತಿಂಗಳಲ್ಲಿ ಹೊರಬಂದ ಸಮಿತಿಯ ವರದಿಯು, ಜಿಲ್ಲೆಯಲ್ಲಿ ಹೃದ್ರೋಗದ ಪ್ರಮಾಣವು ಅಸಹಜವಾಗಿ ಏರಿಲ್ಲವೆಂದೂ, ಮೃತರಲ್ಲಿ ಕೆಲವರ ಸಾವಿಗೆ ಹೃದಯವು ಕಾರಣವಲ್ಲವೆಂದೂ, ಉಳಿದವರಲ್ಲಿ ರಕ್ತದೊತ್ತಡ, ಮಧುಮೇಹ, ಧೂಮಪಾನ ಮೊದಲಾದ ಹಳೆಯ ಪರಿಚಿತ ಕಾರಣಗಳೇ ಕಂಡುಬಂದುವೆಂದೂ ತಿಳಿಸಿತು.

ಹೊಸ ರೋಗವಿಲ್ಲವೆಂಬ ಮಾತಿನಿಂದ ಜನರಿಗೆ ಸಮಾಧಾನವಾದುದು ಸಹಜ. ಆದರೆ ಹಳೆಯ ಕಾರಣವೇ ಸಾಕಷ್ಟು ಕೊಲ್ಲಬಲ್ಲದೆಂಬುದು ಆ ಸಮಾಧಾನದಲ್ಲಿ ಮರೆಯಾಗಬಾರದು. ಸಾಲಿನಲ್ಲಿ ನಿಂತು ಒಂದು ಇ.ಸಿ.ಜಿ. ತೆಗೆಸಿಕೊಂಡು, 'ಏನೂ ಇಲ್ಲ' ಎನಿಸಿಕೊಂಡು ಊರಿಗೆ ಮರಳಿದವನ ತೋಳಿಗೆ ಒತ್ತಡದ ಪಟ್ಟಿಯನ್ನು ಯಾರಾದರೂ ಸರಿಯಾಗಿ ಸುತ್ತಿದರೆ? ಅವನ ಮೂತ್ರವನ್ನು ಯಾರಾದರೂ ಪರೀಕ್ಷಿಸಿದರೆ? ಈ ಪ್ರಶ್ನೆಗಳೇ ಪ್ರಸ್ತುತ ಲೇಖನದ ವಿಷಯ. ಏರಿದ ರಕ್ತದೊತ್ತಡವು ಯಾವ ಯಾವ ಅಂಗಗಳನ್ನು ಕೆಡಿಸುತ್ತದೆ, ಆ ಕೆಡುಕನ್ನು ವೈದ್ಯನು ಹೇಗೆ ಅಳೆಯುತ್ತಾನೆ, ಒಂದೊಂದು ಪರೀಕ್ಷೆಯ ಬಲವೇನು, ಮಿತಿಯೇನು ಎಂಬುದನ್ನು ಇಲ್ಲಿ ಕ್ರಮವಾಗಿ ವಿವರಿಸಲಾಗುವುದು.

1. ಒತ್ತಡ ಮತ್ತು ಹಾನಿ

ಹಾಸನದಿಂದ ಸುಮಾರು 10 ಕಿಲೋಮೀಟರು ದೂರದಲ್ಲಿ ಕೊರವಂಗಲವೆಂಬ ಗ್ರಾಮವಿದೆ. ಇಮ್ಮಡಿ ವೀರಬಲ್ಲಾಳನ ಅಧಿಕಾರಿಯಾದ ಬೂಚಿರಾಜನು 1173ರಲ್ಲಿ ಕಟ್ಟಿಸಿದ ಬೂಚೇಶ್ವರ ದೇವಾಲಯದಿಂದ ಈ ಊರು ಪ್ರಸಿದ್ಧ. ಅಂತಹ ಹಳೆಯ ಕಟ್ಟಡವೊಂದನ್ನು ಪರಿಶೀಲಿಸುವವನು ಗೋಡೆ ವಾಲುವವರೆಗೆ ಕಾಯುವುದಿಲ್ಲ. ಚಾವಣಿಯ ಸಂದಿನಲ್ಲಿ ನೀರು ಜಿನುಗಿದೆಯೇ, ತಳಪಾಯ ಕುಸಿದಿದೆಯೇ, ಕಲ್ಲಿನ ಮೈಯಲ್ಲಿ ಸೀಳುಂಟೇ ಎಂದು ಒಂದೊಂದು ಭಾಗವನ್ನೂ ಬೇರೆಬೇರೆಯಾಗಿ ನೋಡುತ್ತಾನೆ. ರಕ್ತದೊತ್ತಡದ ರೋಗಿಯನ್ನು ನೋಡಬೇಕಾದ ಕ್ರಮವೂ ಇದೇ. ಒತ್ತಡದ ಅಂಕಿಯು ಎಷ್ಟು ಮಳೆ ಬಿದ್ದಿತೆಂಬುದನ್ನು ಹೇಳುತ್ತದೆ. ಕಟ್ಟಡವು ಎಷ್ಟು ನೆನೆದಿದೆಯೆಂಬುದನ್ನು ಹೇಳುವುದಿಲ್ಲ. ಒಂದೇ ಒತ್ತಡವುಳ್ಳ ಇಬ್ಬರಲ್ಲಿ ಒಬ್ಬನ ಅಂಗಗಳು ನೆಟ್ಟಗಿರಬಹುದು, ಇನ್ನೊಬ್ಬನವು ಜೀರ್ಣವಾಗಿರಬಹುದು. ಎರಡನೆಯವನಿಗೆ ಮುಂದೆ ಬರಬಹುದಾದ ಅಪಾಯವು ಮೊದಲನೆಯವನಿಗಿಂತ ಬಹಳ ಹೆಚ್ಚು.

ಒತ್ತಡದ ಅಂಕಿಯು ಮುಖ್ಯವಲ್ಲವೆಂದು ಇದರ ಅರ್ಥವಲ್ಲ. ಸುಮಾರು ಹತ್ತು ಲಕ್ಷ ಜನರ ವಿವರಗಳನ್ನು ಒಟ್ಟುಗೂಡಿಸಿ 2002ರಲ್ಲಿ ಪ್ರಕಟವಾದ ಒಂದು ಅಂತರರಾಷ್ಟ್ರೀಯ ವಿಶ್ಲೇಷಣೆಯ ಪ್ರಕಾರ, 40ರಿಂದ 69 ವಯಸ್ಸಿನವರಲ್ಲಿ ಸಂಕೋಚನ ಒತ್ತಡವು 115ಕ್ಕಿಂತ ಮೇಲೆ 20 ಮಿಲಿಮೀಟರು ಏರಿದಾಗಲೆಲ್ಲ ಪಾರ್ಶ್ವವಾಯು ಮತ್ತು ಹೃದ್ರೋಗಗಳಿಂದ ಸಾಯುವ ಸಂಭವವು ಸುಮಾರು ಇಮ್ಮಡಿಯಾಗುತ್ತದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 15 ವರ್ಷ ಮೀರಿದ ಭಾರತೀಯರ ಪೈಕಿ ಗಂಡಸರಲ್ಲಿ ಶೇಕಡ 24, ಹೆಂಗಸರಲ್ಲಿ ಶೇಕಡ 21 ಮಂದಿಗೆ ಒತ್ತಡವು ಏರಿತ್ತು, ಇಲ್ಲವೆ ಅವರು ಅದಕ್ಕಾಗಿ ಔಷಧಿ ಸೇವಿಸುತ್ತಿದ್ದರು. ಲೋಕದಲ್ಲಿ ಈ ರೋಗವುಳ್ಳವರಲ್ಲಿ ಅರ್ಧಕ್ಕೆ ಸಮೀಪ ಜನರಿಗೆ ಅದು ತಮಗಿರುವುದೇ ತಿಳಿಯದೆಂದು ವಿಶ್ವ ಆರೋಗ್ಯ ಸಂಸ್ಥೆಯು 2021ರಲ್ಲಿ ಅಂದಾಜು ಮಾಡಿತು. ನೋವಿಲ್ಲದ ರೋಗವನ್ನು ಯಾರೂ ಹುಡುಕಿಕೊಂಡು ಹೋಗುವುದಿಲ್ಲ.

ಹಾನಿಯನ್ನು ಅರಸುವ ಮೊದಲು ಒತ್ತಡವನ್ನೇ ಸರಿಯಾಗಿ ಅಳೆದಿರಬೇಕು. ರೋಗಿಯು ಐದು ನಿಮಿಷ ಬೆನ್ನಿಗೆ ಆಸರೆಯಿಟ್ಟು ಸುಮ್ಮನೆ ಕುಳಿತಿರಬೇಕು. ತೋಳು ಹೃದಯದ ಮಟ್ಟದಲ್ಲಿರಬೇಕು. ಪಟ್ಟಿಯು ತೋಳಿನ ಗಾತ್ರಕ್ಕೆ ತಕ್ಕುದಾಗಿರಬೇಕು. ಹಿಂದಿನ ಅರ್ಧ ಗಂಟೆಯಲ್ಲಿ ಕಾಫಿ, ಬೀಡಿ ಮುಟ್ಟಿರಬಾರದು. ಕಾಫಿಯ ಸೀಮೆಯಲ್ಲಿ ಈ ಕೊನೆಯ ನಿಯಮವನ್ನು ಎರಡು ಸಲ ಹೇಳಬೇಕಾಗುತ್ತದೆ. ಒಂದೆರಡು ನಿಮಿಷಗಳ ಅಂತರದಲ್ಲಿ ಎರಡು ಮೂರು ಸಲ ಅಳೆದು, ಬೇರೊಂದು ದಿನ ಮತ್ತೆ ನೋಡಿ, 140/90 ಅಥವಾ ಅದಕ್ಕೂ ಹೆಚ್ಚಿದ್ದರೆ ರೋಗವೆಂದು ನಿಶ್ಚಯಿಸುವುದು ವಾಡಿಕೆ. ಮನೆಯಲ್ಲಿ ಅಳೆದಾಗ ಈ ಮಿತಿ 135/85. ಆಸ್ಪತ್ರೆಯಲ್ಲಿ ಮಾತ್ರ ಏರುವವರೂ ಉಂಟು. ಆಸ್ಪತ್ರೆಯಲ್ಲಿ ಸರಿಯಾಗಿದ್ದು ಮನೆಯಲ್ಲಿ, ದುಡಿಮೆಯಲ್ಲಿ ಏರುವವರೂ ಉಂಟು. ಈ ಎರಡನೆಯ ಗುಂಪಿನವರಲ್ಲಿ ಅಂಗಹಾನಿಯೇ ಕೆಲವೊಮ್ಮೆ ರೋಗದ ಮೊದಲ ಸುಳಿವಾಗುತ್ತದೆ.

2. ಹೃದಯ

ಎಡ ಹೃತ್ಕುಕ್ಷಿಯು ಪ್ರತಿಯೊಂದು ಮಿಡಿತದಲ್ಲೂ ಮಹಾಧಮನಿಯ ಒತ್ತಡವನ್ನು ಎದುರಿಸಿ ರಕ್ತವನ್ನು ತಳ್ಳಬೇಕು. ಆ ಎದುರೊತ್ತಡವು ವರ್ಷಗಟ್ಟಲೆ ಹೆಚ್ಚಾಗಿದ್ದರೆ, ದಿನವೂ ಭಾರ ಹೊರುವವನ ತೋಳಿನಂತೆ ಅದರ ಗೋಡೆಯೂ ದಪ್ಪವಾಗುತ್ತದೆ. ಭೌತಶಾಸ್ತ್ರದ ದೃಷ್ಟಿಯಿಂದ ಇದು ಅರ್ಥವಿಲ್ಲದ ಬೆಳವಣಿಗೆಯಲ್ಲ. ಲಾಪ್ಲಾಸನ ನಿಯಮದಂತೆ, ಗೋಡೆಯು ತಾಳಬೇಕಾದ ಸೆಳೆತವು ಒತ್ತಡಕ್ಕೂ ಕುಹರದ ತ್ರಿಜ್ಯಕ್ಕೂ ನೇರವಾಗಿ, ಗೋಡೆಯ ದಪ್ಪಕ್ಕೆ ವಿಲೋಮವಾಗಿ ಇರುತ್ತದೆ. ಒತ್ತಡ ಏರಿದಾಗ ದಪ್ಪವೂ ಏರಿದರೆ ಸೆಳೆತವು ಮೊದಲಿನಷ್ಟೇ ಉಳಿಯುತ್ತದೆ. ಆದರೆ ಈ ಅನುಕೂಲಕ್ಕೆ ಹೃದಯವು ಬೆಲೆ ತೆರಬೇಕಾಗುತ್ತದೆ. ದಪ್ಪನಾದ ಸ್ನಾಯುವಿಗೆ ರಕ್ತ ಸಾಲದೆ ಬರುತ್ತದೆ. ಸ್ನಾಯುವಿನ ನಡುವೆ ನಾರು ಬೆಳೆಯುತ್ತದೆ. ಹೃದಯವು ಸಡಿಲಗೊಂಡು ತುಂಬಿಕೊಳ್ಳಲಾರದೆ ಹೋಗುತ್ತದೆ. ಎಡ ಹೃತ್ಕರ್ಣವು ಹಿಗ್ಗಿ ಬಡಿತದ ತಾಳ ತಪ್ಪುತ್ತದೆ. ಕೊನೆಗೆ ಹೃದಯದ ಸೋಲು, ಇಲ್ಲವೆ ಹಠಾತ್ ಮರಣ.

ಈ ದಪ್ಪವನ್ನು ಕಾಣಲು ಎರಡು ದಾರಿಗಳಿವೆ. ಮೊದಲನೆಯದು ಇ.ಸಿ.ಜಿ. ದಪ್ಪ ಸ್ನಾಯುವಿನ ವಿದ್ಯುತ್ ಅಲೆಯು ಎತ್ತರವಾಗಿರುತ್ತದೆ. 1949ರಲ್ಲಿ ಸೊಕೊಲೊವ್ ಮತ್ತು ಲಯನ್ ಎಂಬ ವೈದ್ಯರು ಸೂಚಿಸಿದ ಅಳತೆಯಂತೆ, ಎದೆಯ ಮೊದಲ ಸ್ಥಾನದ 'ಎಸ್' ಅಲೆಯ ಆಳವನ್ನು ಐದನೆಯ ಅಥವಾ ಆರನೆಯ ಸ್ಥಾನದ 'ಆರ್' ಅಲೆಯ ಎತ್ತರಕ್ಕೆ ಕೂಡಿಸಬೇಕು. ಮೊತ್ತವು 35 ಮಿಲಿಮೀಟರನ್ನು ಮುಟ್ಟಿದರೆ ದಪ್ಪವಾಗಿರುವ ಸಂಭವವುಂಟು. ಅಗ್ಗವಾದ ಈ ಪರೀಕ್ಷೆಗೆ ಒಂದು ದೊಡ್ಡ ಕೊರತೆಯಿದೆ. ಇ.ಸಿ.ಜಿ. ದೋಷ ತೋರಿಸಿದರೆ ಅದನ್ನು ಬಹುಮಟ್ಟಿಗೆ ನಂಬಬಹುದು. ತೋರಿಸದಿದ್ದರೆ ದೋಷವಿಲ್ಲವೆಂದು ನಂಬಲಾಗದು. ದಪ್ಪವಾದ ಹೃದಯಗಳಲ್ಲಿ ಹೆಚ್ಚಿನವು ಈ ಪರೀಕ್ಷೆಯ ಕಣ್ಣಿಗೆ ಬೀಳುವುದೇ ಇಲ್ಲ. ಸ್ಥೂಲ ದೇಹದವರಲ್ಲಂತೂ ಅಲೆಗಳು ಕೊಬ್ಬಿನ ಪದರದಲ್ಲಿ ತಗ್ಗಿ ಕಾಣುತ್ತವೆ. ಹೃದಯದ ರಕ್ತನಾಳಗಳಲ್ಲಿ ಮುಂದೆ ಅಡ್ಡಿಯಾಗುವುದೋ ಇಲ್ಲವೋ ಎಂಬುದನ್ನು ವಿಶ್ರಾಂತಿಯಲ್ಲಿ ತೆಗೆದ ಇ.ಸಿ.ಜಿ. ಹೇಳಲಾರದು. 2025ರ ಆ ಸಾಲುಗಳಲ್ಲಿ ನಿಂತವರು ತಿಳಿದಿರಬೇಕಾಗಿದ್ದ ಸಂಗತಿ ಇದೇ.

ಎರಡನೆಯದು ಶಬ್ದಾತೀತ ಅಲೆಗಳಿಂದ ಹೃದಯವನ್ನು ಚಿತ್ರಿಸುವ ಎಕೋ ಪರೀಕ್ಷೆ. ಇಲ್ಲಿ ಗೋಡೆಯ ದಪ್ಪವನ್ನೂ ಕುಹರದ ವ್ಯಾಸವನ್ನೂ ಅಳೆದು, ಸ್ನಾಯುವಿನ ತೂಕವನ್ನು ಲೆಕ್ಕಹಾಕಲಾಗುತ್ತದೆ. ಉದಾಹರಣೆಗೆ, ಹೃತ್ಕುಕ್ಷಿಗಳ ನಡುವಣ ಗೋಡೆ 1.3 ಸೆಂಟಿಮೀಟರು, ಹಿಂಗೋಡೆ 1.2, ಕುಹರ 4.8 ಎಂದಿರಲಿ. ಮೂರರ ಮೊತ್ತವಾದ 7.3ರ ಘನದಿಂದ 4.8ರ ಘನವನ್ನು ಕಳೆದು, ಸ್ನಾಯುವಿನ ಸಾಂದ್ರತೆಯಾದ 1.04ರಿಂದ ಗುಣಿಸಿ, ರೂಢಿಯ ತಿದ್ದುಪಡಿಗಳನ್ನು ಮಾಡಿದರೆ ಸುಮಾರು 232 ಗ್ರಾಂ ಬರುತ್ತದೆ. ದೇಹದ ಹೊರಮೈಯ ವಿಸ್ತೀರ್ಣವು 1.7 ಚದರ ಮೀಟರಾದರೆ, ಚದರ ಮೀಟರಿಗೆ ಸುಮಾರು 137 ಗ್ರಾಂ ಆಯಿತು. ಗಂಡಸರಿಗೆ 115, ಹೆಂಗಸರಿಗೆ 95 ಗ್ರಾಂ ಮೇಲ್ಮಿತಿಯಾದುದರಿಂದ ಇದು ನಿಸ್ಸಂದೇಹವಾಗಿ ದಪ್ಪವಾದ ಹೃದಯ.

3. ಮೂತ್ರಪಿಂಡ

ಹೃದಯಕ್ಕೂ ಮೂತ್ರಪಿಂಡಕ್ಕೂ ಇರುವ ನಂಟನ್ನು ಮೊದಲು ಗುರುತಿಸಿದವರಲ್ಲಿ ಲಂಡನ್ನಿನ ಗೈಸ್ ಆಸ್ಪತ್ರೆಯ ರಿಚರ್ಡ್ ಬ್ರೈಟ್ ಪ್ರಮುಖನು. ಮೂತ್ರದಲ್ಲಿ ಆಲ್ಬುಮಿನ್ ಹೋಗುತ್ತಿದ್ದ ರೋಗಿಗಳ ಶವಗಳಲ್ಲಿ ಸುಕ್ಕಿದ ಮೂತ್ರಪಿಂಡದೊಡನೆ ಬಲಿತ ಹೃದಯವೂ ಇರುವುದನ್ನು ಅವನು 1836ರಲ್ಲಿ ವಿವರಿಸಿದನು. ತೋಳಿಗೆ ಪಟ್ಟಿ ಸುತ್ತಿ ಒತ್ತಡ ಅಳೆಯುವ ರಿವಾ-ರೋಚಿಯ ಉಪಕರಣವು ಬಂದುದು 1896ರಲ್ಲಿ. ಅಂದರೆ ಒತ್ತಡವನ್ನು ಅಳೆಯಲು ಕಲಿಯುವುದಕ್ಕಿಂತ ಮುಂಚೆಯೇ ವೈದ್ಯಲೋಕವು ಅದರ ಹಾನಿಯನ್ನು ಕಂಡಿತ್ತು.

ಮೂತ್ರಪಿಂಡದ ಸೋಸುಗಗಳು ಅತಿ ಸೂಕ್ಷ್ಮವಾದ ರಕ್ತನಾಳಗಳ ಗೊಂಚಲುಗಳು. ಒತ್ತಡವು ಅವುಗಳ ವರೆಗೆ ಇಳಿದಾಗ ಜರಡಿಯ ಕಣ್ಣು ಅಗಲವಾಗಿ ಆಲ್ಬುಮಿನ್ ಸೋರತೊಡಗುತ್ತದೆ. ಬೆಳಗಿನ ಮೂತ್ರದಲ್ಲಿ ಒಂದು ಗ್ರಾಂ ಕ್ರಿಯಾಟಿನಿನ್ನಿಗೆ 30 ಮಿಲಿಗ್ರಾಂ ಮೀರಿ ಆಲ್ಬುಮಿನ್ ಇದ್ದರೆ ಹಾನಿಯು ಆರಂಭವಾಗಿದೆಯೆಂದೂ, 300 ಮೀರಿದರೆ ತೀವ್ರವಾಗಿದೆಯೆಂದೂ ಎಣಿಸುತ್ತಾರೆ. ಮೂತ್ರದಲ್ಲಿ ಅದ್ದುವ ಸಾಮಾನ್ಯ ಕಾಗದದ ಪಟ್ಟಿಗೆ 30ರಿಂದ 300ರ ನಡುವಣ ಅಂತಸ್ತು ಅನೇಕ ಸಲ ಕಾಣದು. ಜ್ವರ, ಕಠಿಣ ದುಡಿಮೆ, ಮೂತ್ರನಾಳದ ಸೋಂಕು ಇವುಗಳಿಂದಲೂ ಆಲ್ಬುಮಿನ್ ಹೆಚ್ಚಬಹುದಾದುದರಿಂದ, ಮೂರು ತಿಂಗಳ ಅವಧಿಯಲ್ಲಿ ಪರೀಕ್ಷೆಯನ್ನು ಮತ್ತೆ ಮಾಡಿಯೇ ನಿರ್ಣಯಿಸಬೇಕು.

ಎರಡನೆಯ ಅಳತೆಯು ರಕ್ತದ ಕ್ರಿಯಾಟಿನಿನ್. ಇಲ್ಲಿ ಒಂದು ಸಾಮಾನ್ಯ ತಪ್ಪು ನಡೆಯುತ್ತದೆ. ಪ್ರಯೋಗಶಾಲೆಯ ಚೀಟಿಯಲ್ಲಿ ಅಂಕಿಯು ಮಿತಿಯೊಳಗಿದ್ದರೆ ಮೂತ್ರಪಿಂಡವು ಸರಿಯಾಗಿದೆಯೆಂದು ತಿಳಿಯುವುದೇ ಆ ತಪ್ಪು. ಕ್ರಿಯಾಟಿನಿನ್ ಸ್ನಾಯುವಿನಿಂದ ಬರುವ ವಸ್ತು. ಸ್ನಾಯು ಕಡಿಮೆಯಿರುವ ವೃದ್ಧರಲ್ಲಿ ಅದು ಕಡಿಮೆಯೇ ಇರಬೇಕು. ಆದುದರಿಂದ ವಯಸ್ಸನ್ನೂ ಲಿಂಗವನ್ನೂ ಸೇರಿಸಿ ಸೋಸುವ ವೇಗವನ್ನು ಲೆಕ್ಕಹಾಕಬೇಕು. 2021ರಲ್ಲಿ ಪರಿಷ್ಕೃತವಾದ ಸೂತ್ರದಂತೆ, 70 ವರ್ಷದ ಹೆಂಗಸಿನ ರಕ್ತದಲ್ಲಿ ಕ್ರಿಯಾಟಿನಿನ್ 1.1 ಮಿಲಿಗ್ರಾಂ ಇದ್ದರೆ ಸೋಸುವ ವೇಗವು ನಿಮಿಷಕ್ಕೆ ಸುಮಾರು 54 ಮಿಲಿಲೀಟರು ಮಾತ್ರ. ಮೂರು ತಿಂಗಳಿಗೂ ಮೀರಿ 60ಕ್ಕಿಂತ ಕೆಳಗಿದ್ದರೆ ಅದು ದೀರ್ಘಕಾಲದ ಮೂತ್ರಪಿಂಡ ರೋಗ. ಚೀಟಿಯಲ್ಲಿ ಆರೋಗ್ಯವಂತೆ, ಲೆಕ್ಕದಲ್ಲಿ ರೋಗಿ! ಇಂಥವರು ಕೀಲುನೋವಿಗೆಂದು ಅಂಗಡಿಯಿಂದ ತಂದು ನುಂಗುವ ನೋವಿನ ಮಾತ್ರೆಗಳು ಒತ್ತಡವನ್ನೂ ಏರಿಸುತ್ತವೆ, ಮೂತ್ರಪಿಂಡವನ್ನೂ ಕೆಡಿಸುತ್ತವೆ.

4. ಕಣ್ಣು, ಮಿದುಳು, ರಕ್ತನಾಳಗಳು

ದೇಹವನ್ನು ಕೊಯ್ಯದೆ ರಕ್ತನಾಳವನ್ನು ನೇರವಾಗಿ ಕಾಣಬಹುದಾದ ಸ್ಥಳವೊಂದುಂಟು. ಅದು ಕಣ್ಣಿನ ಅಕ್ಷಿಪಟಲ. 1851ರಲ್ಲಿ ಹೆಲ್ಮ್‌ಹೋಲ್ಟ್ಸನು ತನ್ನ ನೇತ್ರದರ್ಶಕವನ್ನು ಲೋಕಕ್ಕೆ ತಿಳಿಸಿದಂದಿನಿಂದ ಈ ಕಿಟಕಿಯು ತೆರೆದಿದೆ. 1939ರಲ್ಲಿ ಅಮೆರಿಕೆಯ ಮೇಯೋ ಕ್ಲಿನಿಕ್ಕಿನ ಕೀತ್, ವೇಗನರ್, ಬಾರ್ಕರ್ ಎಂಬ ವೈದ್ಯರು 219 ರೋಗಿಗಳನ್ನು ಅಕ್ಷಿಪಟಲದ ಸ್ಥಿತಿಗೆ ಅನುಸಾರವಾಗಿ ನಾಲ್ಕು ವರ್ಗಗಳಾಗಿ ವಿಂಗಡಿಸಿದರು. ಧಮನಿಗಳು ಸ್ವಲ್ಪ ಕಿರಿದಾಗಿರುವುದು ಮೊದಲನೆಯದು. ಮತ್ತಷ್ಟು ಕಿರಿದಾಗಿ, ಧಮನಿಯು ಸಿರೆಯನ್ನು ದಾಟುವಲ್ಲಿ ಅದನ್ನು ಅದುಮಿರುವುದು ಎರಡನೆಯದು. ರಕ್ತಸ್ರಾವದ ಗೆರೆಗಳೂ ಹತ್ತಿಯ ಎಳೆಯಂತಹ ಬಿಳಿ ಮಚ್ಚೆಗಳೂ ಕಾಣುವುದು ಮೂರನೆಯದು. ಇವುಗಳ ಜೊತೆಗೆ ದೃಷ್ಟಿನರದ ಬುಡವೇ ಊದಿರುವುದು ನಾಲ್ಕನೆಯದು. ಪರಿಣಾಮಕಾರಿಯಾದ ಔಷಧಿಗಳಿಲ್ಲದ ಆ ಕಾಲದಲ್ಲಿ ನಾಲ್ಕನೆಯ ವರ್ಗದವರಲ್ಲಿ ಬಹುಪಾಲು ಜನ ವರ್ಷವೊಂದರೊಳಗೆ ತೀರಿಕೊಂಡರು. ಮೊದಲೆರಡು ವರ್ಗಗಳ ವಿಷಯದಲ್ಲಿ ನೋಡುವವರ ನಡುವೆಯೇ ಭಿನ್ನಾಭಿಪ್ರಾಯ ಬರುವುದರಿಂದ ಅವಕ್ಕೆ ಈಗ ಹೆಚ್ಚು ತೂಕವಿಲ್ಲ. ಆದರೆ ಮೂರನೆಯ ಮತ್ತು ನಾಲ್ಕನೆಯ ವರ್ಗಗಳ ಲಕ್ಷಣ ಕಂಡ ರೋಗಿಯನ್ನು ಅಂದೇ ಆಸ್ಪತ್ರೆಗೆ ಸೇರಿಸಬೇಕು.

ಮಿದುಳಿನ ಹಾನಿಯು ಎರಡು ರೂಪದಲ್ಲಿ ಬರುತ್ತದೆ. ಪಾರ್ಶ್ವವಾಯುವು ಎಲ್ಲರ ಕಣ್ಣಿಗೂ ಕಾಣುವಂಥದು. ಇನ್ನೊಂದು, ಮಿದುಳಿನ ಆಳಕ್ಕೆ ಹೋಗುವ ಸಣ್ಣ ಧಮನಿಗಳು ಮುಚ್ಚಿ, ಅಲ್ಲಲ್ಲಿ ಚಿಕ್ಕ ಗುಳಿಗಳು ಉಂಟಾಗುವುದು. ಇಂತಹ ಗುಳಿಗಳು ರೋಗಿಗೆ ತಿಳಿಯದೆಯೇ ಹೆಚ್ಚುತ್ತ, ನೆನಪು ಕುಂದಿ ನಡಿಗೆ ನಿಧಾನವಾಗುತ್ತದೆ. ಎಂ.ಆರ್.ಐ. ಚಿತ್ರದಲ್ಲಿ ಅವು ಕಾಣುತ್ತವಾದರೂ ದುಬಾರಿಯಾದ ಆ ಪರೀಕ್ಷೆಯು ಎಲ್ಲರಿಗೂ ಬೇಕಾಗಿಲ್ಲ. ಲೆಕ್ಕಪತ್ರ ತಪ್ಪುತ್ತಿದೆಯೇ, ಪರಿಚಿತ ದಾರಿ ಮರೆತುಹೋಗುತ್ತಿದೆಯೇ ಎಂದು ಮನೆಯವರನ್ನು ವಿಚಾರಿಸುವುದಕ್ಕೆ ಹಣ ತಗಲುವುದಿಲ್ಲ.

ದೊಡ್ಡ ಧಮನಿಗಳು ಬಿರುಸಾದಾಗ ನಾಡಿಯ ಅಲೆಯು ಅವುಗಳಲ್ಲಿ ವೇಗವಾಗಿ ಓಡುತ್ತದೆ. ಕೊರಳಿನಿಂದ ತೊಡೆಯವರೆಗೆ ಅದರ ವೇಗವು ಸೆಕೆಂಡಿಗೆ 10 ಮೀಟರು ಮೀರಿದರೆ ಹಾನಿಯ ಸೂಚನೆ. ಕಣಕಾಲಿನ ಒತ್ತಡವನ್ನು ತೋಳಿನ ಒತ್ತಡದಿಂದ ಭಾಗಿಸಿದಾಗ 0.9ಕ್ಕಿಂತ ಕಡಿಮೆ ಬಂದರೆ ಕಾಲಿನ ಧಮನಿಗಳು ಕಿರಿದಾಗಿವೆಯೆಂದು ತಿಳಿಯಬೇಕು. ಸ್ವಲ್ಪ ದೂರ ನಡೆಯುತ್ತಲೇ ಮೀನಖಂಡ ಹಿಡಿದು ನಿಲ್ಲುವ ಬೀಡಿ ಸೇದುವವನಲ್ಲಿ ಈ ಪರೀಕ್ಷೆಯನ್ನು ಮರೆಯಬಾರದು.

5. ನಿರ್ಣಯದಿಂದ ಆಗುವ ಪ್ರಯೋಜನ

ಹಾನಿಯನ್ನು ಅಳೆದು ಫಲವೇನೆಂದು ಕೇಳಬಹುದು. ಅಮೆರಿಕೆಯ ಅಧ್ಯಕ್ಷ ಫ್ರಾಂಕ್ಲಿನ್ ರೂಸ್‌ವೆಲ್ಟರ ಉದಾಹರಣೆಯು ಇಲ್ಲಿ ಬೋಧಪ್ರದವಾಗಿದೆ. 1944ರ ಮಾರ್ಚಿಯಲ್ಲಿ ಅವರನ್ನು ಪರೀಕ್ಷಿಸಿದ ವೈದ್ಯರು 186/108 ಒತ್ತಡವನ್ನೂ, ಹಿಗ್ಗಿದ ಹೃದಯವನ್ನೂ ಕಂಡರು. ನಿರ್ಣಯವು ಸರಿಯಾಗಿತ್ತು, ಒತ್ತಡವನ್ನು ಇಳಿಸುವ ಒಳ್ಳೆಯ ಔಷಧಿಯು ಮಾತ್ರ ಆಗ ಲೋಕದಲ್ಲಿರಲಿಲ್ಲ. 1945ರ ಏಪ್ರಿಲ್ 12ರಂದು ಮಿದುಳಿನ ರಕ್ತಸ್ರಾವದಿಂದ ಅವರು ತೀರಿಕೊಂಡರು. ಇಂದಿನ ಪರಿಸ್ಥಿತಿಯು ಇದಕ್ಕೆ ವಿಪರೀತವಾದುದು. ಔಷಧಿಯು ತಾಲ್ಲೂಕು ಆಸ್ಪತ್ರೆಯಲ್ಲಿಯೂ ದೊರೆಯುತ್ತದೆ, ನಿರ್ಣಯವೇ ಆಗುವುದಿಲ್ಲ.

ಹಾನಿಯು ಕಂಡುಬಂದರೆ ಮೂರು ಮಾರ್ಪಾಡುಗಳಾಗುತ್ತವೆ. ಮೊದಲನೆಯದಾಗಿ, ಒತ್ತಡವು ಅಷ್ಟೇನೂ ಹೆಚ್ಚಿಲ್ಲದಿದ್ದರೂ ಕಾಯದೆ ಔಷಧಿಯನ್ನು ಆರಂಭಿಸಲಾಗುತ್ತದೆ. ಎರಡನೆಯದಾಗಿ, ಔಷಧಿಯ ಆಯ್ಕೆ ಬದಲಾಗುತ್ತದೆ. ಆಲ್ಬುಮಿನ್ ಸೋರುವವರಿಗೆ ಆಂಜಿಯೋಟೆನ್ಸಿನ್ನಿನ ಕಾರ್ಯವನ್ನು ತಡೆಯುವ ಔಷಧಿಗಳು ವಿಶೇಷವಾಗಿ ಹಿತಕರ, ಗರ್ಭಿಣಿಯರಿಗೆ ಮಾತ್ರ ಅವು ಸಲ್ಲವು. ಮೂರನೆಯದಾಗಿ, ಚಿಕಿತ್ಸೆಯು ಫಲಿಸುತ್ತಿದೆಯೇ ಎಂದು ತಿಳಿಯಲು ಅಳತೆಗೋಲು ಸಿಕ್ಕಂತಾಗುತ್ತದೆ. ದಪ್ಪನಾದ ಹೃದಯವು ಮತ್ತೆ ತೆಳುವಾಗಬಲ್ಲದು, ಸೋರಿಕೆಯು ತಗ್ಗಬಲ್ಲದು. 9,193 ರೋಗಿಗಳನ್ನು ಒಳಗೊಂಡು 2002ರಲ್ಲಿ ಪ್ರಕಟವಾದ 'ಲೈಫ್' ಎಂಬ ಅಧ್ಯಯನದಲ್ಲಿ, ಹೃದಯದ ದಪ್ಪವು ಇಳಿದವರಲ್ಲಿ ಮುಂದಿನ ಆಘಾತಗಳೂ ಕಡಿಮೆಯಾದುವು.

6. ನಮ್ಮ ಸೀಮೆಗೆ ಒಪ್ಪುವ ಕ್ರಮ

ಎಲ್ಲ ಪರೀಕ್ಷೆಗಳನ್ನೂ ಎಲ್ಲರಿಗೂ ಮಾಡುವುದು ಸಾಧ್ಯವೂ ಅಲ್ಲ, ಅಗತ್ಯವೂ ಅಲ್ಲ. ಕೊರವಂಗಲದಂತಹ ಗ್ರಾಮದಲ್ಲಿ 52 ವರ್ಷದ ರೈತನೊಬ್ಬನನ್ನು ಕಲ್ಪಿಸಿಕೊಳ್ಳೋಣ. ರಾಗಿಮುದ್ದೆ, ಉಪ್ಪುಸಾರು, ಉಪ್ಪಿನಕಾಯಿ ಅವನ ನಿತ್ಯದ ಊಟ. ದಿನಕ್ಕೆ ಐದು ಗ್ರಾಂ ಮೀರದ ಉಪ್ಪು ಸಾಕೆಂಬ ವಿಶ್ವ ಆರೋಗ್ಯ ಸಂಸ್ಥೆಯ ಸಲಹೆಯನ್ನು ಅವನು ಕೇಳಿಲ್ಲ. ಮನೆಬಾಗಿಲಿಗೆ ಬಂದ ಆರೋಗ್ಯ ಕಾರ್ಯಕರ್ತೆಯು ಅವನ ಒತ್ತಡವು 164/98 ಎಂದು ಕಂಡು, ಬೇರೊಂದು ದಿನ ಅಳೆದಾಗಲೂ ಹಾಗೆಯೇ ಇದೆಯೆಂದು ಬರೆದಿಡುತ್ತಾಳೆ. ಮೊದಲ ಹಂತವು ಇಷ್ಟೇ: ಸರಿಯಾದ ಅಳತೆ, ನಾಡಿಯ ತಾಳ, ಮೂತ್ರದ ಪಟ್ಟಿ, ಉಬ್ಬಸ ಕಾಲೂತಗಳ ವಿಚಾರಣೆ.

ಎರಡನೆಯ ಹಂತವು ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳಲ್ಲಿರುವಂತಹ ತಾಲ್ಲೂಕು ಆಸ್ಪತ್ರೆಗೆ ಸೇರಬೇಕು. ಅಲ್ಲಿ ರಕ್ತದ ಸಕ್ಕರೆ, ಕ್ರಿಯಾಟಿನಿನ್, ಪೊಟ್ಯಾಸಿಯಂ, ಮೂತ್ರದ ಆಲ್ಬುಮಿನ್ ಪ್ರಮಾಣ ಮತ್ತು ಇ.ಸಿ.ಜಿ. ನೋಡಬೇಕು. ನಮ್ಮ ರೈತನ ಕ್ರಿಯಾಟಿನಿನ್ 1.5 ಎಂದಾದರೆ ಅವನ ಸೋಸುವ ವೇಗ ಸುಮಾರು 56. 'ಎಸ್' ಅಲೆ 14, 'ಆರ್' ಅಲೆ 24 ಆದರೆ ಮೊತ್ತ 38. ಹೃದಯ, ಮೂತ್ರಪಿಂಡ ಎರಡರಲ್ಲಿಯೂ ಸಂಶಯಕ್ಕೆ ಕಾರಣ ಸಿಕ್ಕಿತು. ಔಷಧಿಯನ್ನು ಅಲ್ಲಿಯೇ ಆರಂಭಿಸಿ, ಎಕೋ ಮತ್ತು ಅಕ್ಷಿಪಟಲ ಪರೀಕ್ಷೆಗಾಗಿ ಹಾಸನದ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯಂತಹ ಮೂರನೆಯ ಹಂತದ ಕೇಂದ್ರಕ್ಕೆ ಕಳುಹಿಸಬೇಕು. ಒತ್ತಡವು 180/110 ದಾಟಿ, ಜೊತೆಗೆ ಎದೆನೋವು, ಉಸಿರಾಟದ ಕಷ್ಟ, ಕಣ್ಣು ಮಂಜು, ಮಾತಿನ ತೊದಲು, ಅರಿವಿನ ಗೊಂದಲ ಇವುಗಳಲ್ಲಿ ಯಾವುದಾದರೂ ಇದ್ದರೆ ಹಂತಗಳ ಮಾತೇ ಇಲ್ಲ. ನೇರವಾಗಿ ದೊಡ್ಡ ಆಸ್ಪತ್ರೆಗೆ ಸಾಗಿಸಬೇಕು.

ಈ ಕ್ರಮದಲ್ಲಿ ಬಹುಭಾಗವು ದುಬಾರಿಯಾದುದಲ್ಲವೆಂಬುದನ್ನು ವಾಚಕರು ಗಮನಿಸಿರಬಹುದು. ಒತ್ತಡದ ಪಟ್ಟಿ, ಮೂತ್ರದ ಒಂದು ಸೀಸೆ, ಸ್ವಲ್ಪ ರಕ್ತ, ಒಂದು ಇ.ಸಿ.ಜಿ. ಇಷ್ಟರಿಂದಲೇ ಅಪಾಯದಲ್ಲಿರುವವರಲ್ಲಿ ಹೆಚ್ಚಿನವರನ್ನು ಆರಿಸಿ ತೆಗೆಯಬಹುದು. ಬೇಕಾದುದು ವರ್ಷಕ್ಕೊಮ್ಮೆಯಾದರೂ ತಪ್ಪದೆ ಅವನ್ನು ಮಾಡುವ ಶಿಸ್ತು, ಅಂಕಿಗಳನ್ನು ಒಂದು ಪುಸ್ತಕದಲ್ಲಿ ಸಾಲಾಗಿ ಬರೆದಿಡುವ ಅಭ್ಯಾಸ. ಭಯವು ಜನರನ್ನು ಒಂದು ದಿನ ಆಸ್ಪತ್ರೆಯ ಬಾಗಿಲಿಗೆ ತಂದು ನಿಲ್ಲಿಸಬಲ್ಲದು. ಭಯ ಇಳಿದ ಮೇಲೂ ಅವರು ಬರುತ್ತಿರುವಂತೆ ಮಾಡುವುದು ತಿಳಿವಳಿಕೆಯ ಕೆಲಸ. ಹಾಸನದಲ್ಲಿ ಹೊಸ ರೋಗವು ಸಿಗಲಿಲ್ಲವೆಂಬುದನ್ನು ಮುಗಿದ ವಿಚಾರಣೆಯೆಂದು ಬಗೆಯದೆ, ಹಳೆಯ ರೋಗವನ್ನು ಹುಡುಕುವ ಕೆಲಸದ ಆರಂಭವೆಂದು ಬಗೆಯುವುದೇ ಯುಕ್ತವಾದುದು.